ಜಾಗ ಇತ್ತು, ಮಾಸ್ತರ

ಹೋದ ವರ್ಷ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಚೌಕಳಿ ಹಾಳೆಯ ವಹಿಯೊಂದು ಸಿಕ್ಕಿತು. ಡಾಂಬರ ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪುಟ ತೆರೆದರೆ ಅಡ್ಡ ಎಂಟು, ಉದ್ದ ಎಂಟು ಚೌಕಗಳ ಮನೆಗಳು. ಒಂದೊಂದು ಮನೆಯಲ್ಲಿ ಪೆನ್ಸಿಲಿನಿಂದ ತುಂಬಿದ ಒಂದೊಂದು ಕನ್ನಡ ಅಕ್ಷರ. ಅಕ್ಷರಗಳು ನನ್ನವು. ಪಕ್ಕದ ಕೆಂಪು ಶಾಯಿಯ ಅಂಕಿಗಳು ಗಣಿತದ ಮಾಸ್ತರರವು...

ಆಗ ನಾನು ಬೈಲಹೊಂಗಲದ ಹೈಸ್ಕೂಲೊಂದಕ್ಕೆ ಹೊಸದಾಗಿ ಸೇರಿದ ಕನ್ನಡ ಮಾಸ್ತರ. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ, ಕಲಿಸುವ ವಿಷಯವೇ ಹೆಸರು. ಆ ವರ್ಷ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಕೀಲಿಮಣೆಯ ಡಬ್ಬಿಯೊಳಗೇ ಇಡೀ ಯಂತ್ರ. ಟಿವಿಗೆ ಜೋಡಿಸಬೇಕು, ಬರೆದ ಪ್ರೋಗ್ರಾಮು ಉಳಿಯಬೇಕೆಂದರೆ ಹಾಡಿನ ಕ್ಯಾಸೆಟ್ಟಿಗೆ ತುಂಬಿಸಬೇಕು. ಅದರ ನೆನಪಿನ ಜಾಗ ಇವತ್ತಿನ ಮೊಬೈಲಿನ ಒಂದು ಫೋಟೋಕ್ಕೂ ಸಾಲದು. ಅದಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ. ಗಣಿತದ ಮಾಸ್ತರು ಒಂದು ದಿನ ನನ್ನನ್ನು ಕರೆದು, "ಕನ್ನಡ ಮಾಸ್ತರ, ಇದಕ್ಕ ಅಕ್ಷರಾಭ್ಯಾಸ ಮಾಡಸೂಣು ಬರ್ರಿ" ಅಂದರು.

ನಾನು ಚೌಕ ತುಂಬುವುದು, ಅವರು ಒಂದೊಂದು ಸಾಲನ್ನೂ ಅಂಕಿಗೆ ಇಳಿಸುವುದು. ನೂರಾ ಇಪ್ಪತ್ತೆಂಟು, ಅರವತ್ನಾಲ್ಕು, ಮೂವತ್ತೆರಡು ಎಂದು ತುಂಬಿದ ಚೌಕಗಳನ್ನೆಲ್ಲ ಬಾಯಲ್ಲೇ ಕೂಡಿಸಿ ಬರೆದುಬಿಡುತ್ತಿದ್ದರು. ಆ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಒಮ್ಮೆ ನನ್ನ ಳ ಚೌಕದಲ್ಲಿ ಹಿಡಿಸದೆ ಹೋದಾಗ, "ನಿಮ್ಮ ಳಂದು ಹೊಟ್ಟಿ ಭಾಳ ಬಂದೈತ್ರಿ, ಚೂರು ಕರಗಸ್ರಿ" ಅಂತ ನಕ್ಕಿದ್ದರು. ಒತ್ತಕ್ಷರ ಸೇರಿದರೂ ಯಂತ್ರದ ನೆನಪಿನಲ್ಲಿ ಇಷ್ಟು ಜಾಗ ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ್ದರು. ರಾಜ್ಯೋತ್ಸವದ ದಿನ ಪರದೆಯ ಮೇಲೆ ಕನ್ನಡ ತೋರಿಸುತ್ತೇನೆಂದು ಹೆಡ್‌ಮಾಸ್ತರರಿಗೆ ಮಾತನ್ನೂ ಕೊಟ್ಟರು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಕೆಲಸ ಮುಗಿಯಿತು. ಪ್ರೋಗ್ರಾಮನ್ನು ಒಂದೇ ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಸಿ ನನ್ನ ಕೈಗೆ ಕೊಟ್ಟು, "ಪೂಜಾಕ್ಕ ಇದನ್ನೂ ಇಡ್ರಿ" ಅಂದರು. ಪೂಜೆಯ ಅಲಂಕಾರ ನನ್ನ ಪಾಲಿಗೆ ಬಂದಿತ್ತು. ಕಂಪಾಸು, ತಕ್ಕಡಿ, ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ ಹಚ್ಚಿದೆ. ಶಾಲೆಯ ಧ್ವನಿವರ್ಧಕದ ಕಹಳೆಯನ್ನೂ ಅಲ್ಲೇ ಬಾಯಿ ಕೆಳಗೆ ಮಾಡಿ ಇಟ್ಟಿದ್ದೆವು. ಮೇಲೆ ಬಂದ ಅದರ ಗುಂಡನೆಯ ಬೆನ್ನು ನನಗೆ ಪೀಠದಂತೆ ಕಂಡಿತು. ಕ್ಯಾಸೆಟ್ಟನ್ನು ಅದರ ಮೇಲಿಟ್ಟು ಚೆಂಡು ಹೂ ಏರಿಸಿದೆ. ಪೂಜೆಗಿಟ್ಟದ್ದನ್ನು ಬನ್ನಿಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಮರುದಿನ ನಾನೇ ತೆಗೆದು ಮಾಸ್ತರಿಗೆ ಕೊಟ್ಟೆ, ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದೆವು, ದಸರೆಯ ಸೂಟಿಗೆ ಅವರವರ ಊರಿಗೆ ಹೋದೆವು.

ರಾಜ್ಯೋತ್ಸವದ ಬೆಳಿಗ್ಗೆ ಟಿವಿಯ ಮುಂದೆ ಊರ ಹಿರಿಯರು, ಮಕ್ಕಳು, ನಾವೆಲ್ಲ ನಿಂತಿದ್ದೆವು. ಕ್ಯಾಸೆಟ್ಟು ಸುಮ್ಮನೆ ತಿರುಗಿತು, ಪರದೆಯ ಮೇಲೆ ಏನೂ ಮೂಡಲಿಲ್ಲ. ಬದಿ ಹೊರಳಿಸಿ ಹಾಕಿದರು, ಮತ್ತೆ ತಿರುಗಿತು. ಹಿಂದಿನಿಂದ ಯಾರೋ "ಕಂಪ್ಯೂಟರಿಗೆ ಇವತ್ತ ಸೂಟಿ ಇರಬೇಕು" ಅಂದರು, ಎಲ್ಲರೂ ನಕ್ಕರು. ಮಾಸ್ತರ ಕಿವಿ ಕೆಂಪಗಾಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಮೇಲೆ ನನಗೊಬ್ಬನಿಗೇ ಹೇಳಿದರು, "ಜಾಗ ಸಾಲಲಿಲ್ರಿ. ಒತ್ತು ತುಂಬೂದ್ರಾಗ ಎಲ್ಲಾ ಕಲಸಿ ಹೋಗಿರಬೇಕು. ನನ್ನ ಲೆಕ್ಕಾನ ತಪ್ಪಿತು."

ಮತ್ತೆ ಬರೆಯೋಣ ಎಂದೆ, ಒಪ್ಪಲಿಲ್ಲ. ಹೆಡ್‌ಮಾಸ್ತರು ಆ ಕೋಣೆಗೆ ಕೀಲಿ ಹಾಕಿಸಿದರು. ಅಂದಿನಿಂದ ಗಣಿತದ ಮಾಸ್ತರು ಫಳಕದ ಮೇಲಿನ ಸಾದಾ ಕೂಡಿಸುವ ಲೆಕ್ಕವನ್ನೂ ಎರಡು ಸಲ ನೋಡಿ, "ಬರೋಬ್ಬರಿ ಐತೇನ್ರೋ?" ಎಂದು ಹುಡುಗರನ್ನೇ ಕೇಳತೊಡಗಿದರು. ಪಕ್ಕದ ವರ್ಗದಲ್ಲಿ ಕುಳಿತು ಅದನ್ನು ಕೇಳಲು ನನಗೆ ಸಂಕಟವಾಗುತ್ತಿತ್ತು.

ಎರಡು ವರ್ಷದ ಮೇಲೆ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಅಲ್ಲಿ ರೇಡಿಯೋ ರಿಪೇರಿ ಅಂಗಡಿಯಲ್ಲಿ ನನ್ನ ಕೈಯ ಹಾಡಿನ ಕ್ಯಾಸೆಟ್ಟನ್ನು ಸ್ಪೀಕರಿನ ಬೆನ್ನ ಮೇಲಿಟ್ಟೆ. ಅಂಗಡಿಯಾತ ಹೌಹಾರಿ ತೆಗೆದು, "ಒಳಗ ಅಯಸ್ಕಾಂತ ಐತ್ರೀ ಸರ, ತುಂಬಿದ್ದೆಲ್ಲಾ ಅಳಿಸಿ ಹೊಕ್ಕೈತಿ" ಅಂದ. ಪೂಜೆಯ ದಿನದ ಕಹಳೆ ನೆನಪಾಯಿತು. ಚೆಂಡು ಹೂ ಏರಿಸಿ ನಾನೇ ಅಳಿಸಿದ್ದೆ!

ಹೇಳಬೇಕಿತ್ತು. ಹೇಳಲಿಲ್ಲ. ಗಣಿತದ ಮಾಸ್ತರು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಮದುವೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡೆವು. ಹಳೆಯದನ್ನು ಕೆದಕುವುದೇಕೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವೆಂದರೆ ಹೆದರಿಕೆ, ಅಷ್ಟೇ. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು...

ವಹಿ ಸಿಕ್ಕ ಮೇಲೆ ಸುಮ್ಮನಿರಲಾಗಲಿಲ್ಲ. ಹೊಸ ಲ್ಯಾಪ್‌ಟಾಪಿನೊಳಗೇ ಹಳೆಯ ಕಂಪ್ಯೂಟರಿನ ವೇಷ ಹಾಕುವ ಎಮ್ಯುಲೇಟರ್ ಎಂಬುದಿದೆ ಎಂದು ತಿಳಿದು ಇಳಿಸಿಕೊಂಡೆ. ವೇಷ ಎಷ್ಟು ಪಕ್ಕಾ ಎಂದರೆ, ಲ್ಯಾಪ್‌ಟಾಪಿನಲ್ಲಿ ಎಷ್ಟೇ ಜಾಗವಿರಲಿ, ಆ ಹಳೆಯದಕ್ಕಿದ್ದಷ್ಟೇ ಜಾಗ ಕೊಡುತ್ತದೆ. ಅರವತ್ತು ದಾಟಿದವನು ಒಂದೊಂದೇ ಬೆರಳಿನಿಂದ ಕೆಂಪು ಶಾಯಿಯ ಅಂಕಿಗಳನ್ನು ಒತ್ತಿದೆ, ಅಕ್ಷರಕ್ಕೆ ಒತ್ತು ಕೂಡಿಸುವ ಪ್ರೋಗ್ರಾಮನ್ನು ಬಿದ್ದು ಎದ್ದು ಬರೆದೆ. ನಾಲ್ಕು ತಿಂಗಳು ಹಿಡಿಯಿತು. ಒತ್ತುಗಳೆಲ್ಲ ಸೇರಿದ ಮೇಲೂ ಜಾಗ ಉಳಿಯಿತು. ಅವರ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ.

ಲ್ಯಾಪ್‌ಟಾಪು ಹಿಡಿದು ಸಂಪಗಾಂವಿಗೆ, ಅವರ ಮನೆಗೆ ಹೋದೆ. ಅವರ ಹೆಂಡತಿಗೆ, ನಾವೆಲ್ಲ ವೈನಿ ಎಂದು ಕರೆಯುವವರಿಗೆ, ಪರದೆ ತೋರಿಸಿ, ಕಹಳೆಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಪರದೆಯ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹಂಗಾರ ಅವರ ಲೆಕ್ಕ ತಪ್ಪಿರಲಿಲ್ಲಾ?"

"ಇಲ್ರೀ ವೈನಿ."

"ದವಾಖಾನಿಯೊಳಗ ಮಲಗಿದ್ದಾಗೂ ಅದನ್ನ ಅಂತಿದ್ರು, ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದನ್ನ ಅವರ ಮುಂದ ಹೇಳಬೇಕಿತ್ರೀ ಮಾಸ್ತರ. ನಾ ತೊಗೊಂಡ ಏನ ಮಾಡ್ಲಿ?"

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಬಿಸಿಲಾಗ ಬಂದೀರಿ ಎಂದು ಒಳಗೆ ಹೋಗಿ ಚಹಾಕ್ಕೆ ಇಟ್ಟರು.