ನೆಲದ ಕೆಳಗಿನ ಗಡಿಗೆಗಳು

ಯಾವ ಊರಿಗೆ ಹೋದರೂ ನಾನು ಮೊದಲು ನೋಡುತ್ತಿದ್ದುದು ನೆಲವನ್ನು. ಗುಡಿಗೆ ಹೋಗಿ ಕೈಮುಗಿಯುವುದು ಆಮೇಲೆ. ಬಯಲಾಟದಲ್ಲಿ ಹೆಣ್ಣುಪಾತ್ರ ಕಟ್ಟುತ್ತಿದ್ದ ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಸೊಕ್ಕು ಮಾತ್ರ ನಲವತ್ತರದು. ಆಟ ನಡೆಯುವುದು ಬಯಲಿನಲ್ಲಾದರೂ ಕಲಿಯುವುದು ಸೂರಿನಡಿಯಲ್ಲೇ. ಅಂಥ ತಾಲೀಮು ಮನೆಗಳು ನಮ್ಮ ಕಡೆ ಎಷ್ಟೋ ಇದ್ದವು, ಒಂದರ ಹಾಗೆ ಇನ್ನೊಂದು ಇರಲಿಲ್ಲ.

ಕೊಪ್ಪಳದ್ದು ಬಂಡೆಗಲ್ಲಿನ ನೆಲ. ಒಂದು ವಾರ ಕುಣಿದರೆ ಹಿಮ್ಮಡಿಗೆ ಎಣ್ಣೆ ಅರಿಸಿನ ಹಚ್ಚಲೇಬೇಕು. ಕುಷ್ಟಗಿಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಗೋದಾಮು, ಗಚ್ಚಿನ ನೆಲ. ಹತ್ತಿಯ ಎಳೆ ಗೆಜ್ಜೆಗೆ ಸಿಕ್ಕಿ ಸದ್ದೇ ಹೊರಡುತ್ತಿರಲಿಲ್ಲ. ಗಂಗಾವತಿ ಕಡೆಯ ಸಾರಿಸಿದ ಮಣ್ಣಿನ ನೆಲ ಕಾಲಿಗೆ ಮೆತ್ತಗೆ, ಕಿವಿಗೆ ಮಾತ್ರ ಏನೂ ಕೊಡುತ್ತಿರಲಿಲ್ಲ. ಆದರೆ ಯಲಬುರ್ಗಾ ಸೀಮೆಯಲ್ಲಿ, ತಳಕಲ್ ದಾಟಿ ಎರಡು ಹರದಾರಿ ಹೋದರೆ, ಒಂದು ವಾಡೆಯ ಪಡಸಾಲೆ ಇತ್ತು. ಅಲ್ಲಿ ಹೆಜ್ಜೆ ಇಟ್ಟರೆ ನೆಲ ತಿರುಗಿ ಮಾತಾಡುತ್ತಿತ್ತು.

ಮೊದಲ ಸಲ ಹೋದಾಗ ಆ ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯದೆ ನನಗೆ ಊಟ ಸೇರಲಿಲ್ಲ. ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದೆ. ವಾಡೆಯ ಯಜಮಾನಿ, ಗಂಡ ತೀರಿದ ಮೇಲೆ ಒಬ್ಬರೇ ಒಕ್ಕಲುತನ ನಡೆಸಿಕೊಂಡು ಬಂದ ಗೌಡಸಾನಿ, ನನ್ನ ಅವತಾರ ನೋಡಿ ನಕ್ಕುಬಿಟ್ಟರು.

"ಮಲಗಿದ್ರ ಏನ್ ತಿಳೀತೈತೋ? ಹಲಗಿ ಎತ್ತಿ ನೋಡು."

ಎತ್ತಿದೆ. ಸಾಗವಾನಿ ಹಲಗೆಗಳ ಕೆಳಗೆ ಮೊಣಕಾಲುದ್ದದ ತಗ್ಗು, ಅದರೊಳಗೆ ಸಾಲಾಗಿ ಇಟ್ಟ ಖಾಲಿ ಗಡಿಗೆಗಳು. ಅವರ ಮಾವನ ಕಾಲದಲ್ಲಿ ಯಾರೋ ತಾಲೀಮು ಮಾಸ್ತರ ಹೇಳಿ ಇಡಿಸಿದ್ದಂತೆ. ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದೆ. ದೊಡ್ಡವು ದಪ್ಪ ದನಿಯಲ್ಲಿ, ಚಿಕ್ಕವು ಸಣ್ಣ ದನಿಯಲ್ಲಿ ನುಡಿದವು. ಅಂದಿನಿಂದ ಎಡಗಾಲು ಎಲ್ಲಿಡಬೇಕು, ಬಲಗಾಲು ಎಲ್ಲಿಡಬೇಕು ಎಂಬುದು ನನಗೆ ಬಾಯಿಪಾಠವಾಯಿತು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಜೋಳದ ಲೆವಿ ಬಂತು. ಬೆಳೆದವರ ಮನೆಯಿಂದ ಸರಕಾರ ಕಾಳು ಎತ್ತುತ್ತಿತ್ತು. ಬಚ್ಚಿಟ್ಟದ್ದು ಸಿಕ್ಕರೆ ಅದೂ ಹೋಯಿತು. ಗೌಡಸಾನಿ ನೆಲದೊಳಗಿನ ಕಣಜವಾದ ಹಗೇವಿನಲ್ಲಿದ್ದ ಕಾಳೆಲ್ಲ ಲೆವಿಗೆ ಕೊಟ್ಟು, ಹಿಂಗಾರಿಗೆ ಬಿತ್ತುವ ಬೀಜದ ಜೋಳವನ್ನು ಮಾತ್ರ ಆ ಗಡಿಗೆಗಳಲ್ಲಿ ತುಂಬಿಸಿ ಹಲಗೆ ಮುಚ್ಚಿಸಿದ್ದರು. ಅದು ಹೋದರೆ ಆ ವರ್ಷ ಹೊಲ ಬೀಳು. ಮನೆಯವರಿಗೆಲ್ಲ ಇದು ಗೊತ್ತು, ನನಗೆ ಗೊತ್ತಿಲ್ಲ. ಲೆವಿಯವರು ಹುಡುಕಲು ಬಂದ ದಿನ ಆಗಷ್ಟೇ ನಾನು ಕುಷ್ಟಗಿ ಕಡೆಯಿಂದ ಗಾಡಿಯಲ್ಲಿ ಬಂದು ಇಳಿದಿದ್ದೆ.

ಕಂದಾಯ ಇಲಾಖೆಯ ಗಿರ್ದಾವರ ಪಡಸಾಲೆಯಲ್ಲೇ ಕುಳಿತಿದ್ದ. ಹಗೇವು, ಅಟ್ಟ, ದನದ ಕೊಟ್ಟಿಗೆ ಎಲ್ಲ ಹುಡುಕಿ ಮುಗಿಸಿ, ಚಹಾ ಕುಡಿದು ಹೊರಡುವುದರಲ್ಲಿದ್ದ. ನನ್ನ ಹೆಗಲಿನ ಗೆಜ್ಜೆ ಅವನ ಕಣ್ಣಿಗೆ ಬಿತ್ತು.

"ಒಂದೀಟು ಕುಣೀರಿ, ನೋಡಿ ಹೋಗೋಣು" ಎಂದ.

ಬೇಡ ಎಂದರೆ ಅನುಮಾನ. ಗೌಡಸಾನಿ ಹೂಂ ಎಂದು ತಲೆಯಾಡಿಸಿದರು.

ಗೆಜ್ಜೆ ಕಟ್ಟಿ ಹೆಜ್ಜೆ ಇಟ್ಟೆ. ಧಪ್ ಎಂದಿತು. ಜಾಗ ಬದಲಿಸಿ ಇಟ್ಟೆ. ಅಲ್ಲೂ ಧಪ್.

"ಅವ್ವಾರ, ನೆಲಕ್ಕ ಏನಾಗೇತ್ರಿ? ದನೀನ ಇಲ್ಲ."

"ಏನೂ ಆಗಿಲ್ಲ. ಸುಮ್ನ ಕುಣಿ."

"ಇಲ್ರೀ, ಕೆಳಗ ಏನೋ ಆಗೇತಿ."

ಆಗ ಅವರು ಎಲ್ಲರಿಗೂ ಕೇಳುವಂತೆ ನಕ್ಕು, "ಕುಣೀಲಾರದಾಕಿ ನೆಲ ಡೊಂಕು ಅಂದಳಂತ!" ಎಂದರು.

ನನ್ನ ಬಾಯಿ ಮುಚ್ಚಿಸಲು ಅದಕ್ಕಿಂತ ಜಾಣ ಮಾತು ಇರಲಿಲ್ಲ. ಬುದ್ಧಿ ಇದ್ದವನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಗಿರ್ದಾವರ ಹೊಟ್ಟೆ ಹಿಡಿದುಕೊಂಡು ನಕ್ಕ, ಅವನ ಜವಾನನೂ ನಕ್ಕ. ಹೆಣ್ಣುಪಾತ್ರದವನಿಗೆ ಆ ಗಾದೆ, ಅದೂ ಪರಸ್ಥಳದವರ ಮುಂದೆ! ನನಗೆ ಮೈಯೆಲ್ಲ ಉರಿಯಿತು. "ಡೊಂಕು ಯಾರದೈತಿ ತೋರಸ್ತೀನಿ ತಡೀರಿ" ಎಂದು ಬಗ್ಗಿ, ನಾನೇ ಹಲಗೆ ಎತ್ತಿದೆ.

ಬಿಳಿಜೋಳ. ಗಡಿಗೆಯ ಕಂಠದವರೆಗೂ ಇತ್ತು.

ಗೌಡಸಾನಿ ನನ್ನತ್ತ ನೋಡಲೂ ಇಲ್ಲ, ಜೋಳವನ್ನೇ ನೋಡುತ್ತಿದ್ದರು. ಗಿರ್ದಾವರ ಒಂದೊಂದೇ ಹಲಗೆ ಎಬ್ಬಿಸಿ ಚೀಲ ತರಿಸಿದ.

"ಬಿತ್ತಾಕ ಇಟ್ಟಿದ್ದು ಸಾಹೇಬ್ರ, ತಿನ್ನಾಕಲ್ಲ" ಎಂದು ಆಕೆ ಒಂದೇ ಸಲ ಹೇಳಿದರು.

"ಬೀಜ ಅಂತ ಜ್ವಾಳದ ಮ್ಯಾಲ ಬರದಿರ್ತೈತೇನವ್ವಾ?" ಎಂದ ಅವನು. ಗದರಿಸಿ ಹೇಳಿದ್ದಲ್ಲ, ಬೇಸರದಿಂದಲೇ ಹೇಳಿದ. ಆದರೂ ಒಂದು ಕಾಳು ಬಿಡಲಿಲ್ಲ.

ಚೀಲಗಳು ಗಾಡಿ ಸೇರಿದವು, ಹಲಗೆಗಳು ಜಾಗಕ್ಕೆ ಬಂದವು. ನಾನು ಮೂಲೆಯಲ್ಲಿ ಗೆಜ್ಜೆ ಬಿಚ್ಚುತ್ತಿದ್ದೆ. ಗಿರ್ದಾವರ ಮತ್ತೆ ಕುಳಿತು, ಅರ್ಧಕ್ಕೆ ನಿಂತದ್ದನ್ನು ಪೂರಾ ಮಾಡು ಎಂದ. ನನ್ನಿಂದ ಆಗದು ಎಂದೆ.

"ಕುಣಿಯೋ" ಎಂದರು ಗೌಡಸಾನಿ. "ಗಡಿಗಿ ಖಾಲಿ ಅದಾವ ಈಗ. ಛಲೋ ನುಡೀತಾವ."

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಕಾಲಿಗೆ ಬಿದ್ದುಬಿಡುತ್ತಿದ್ದೆ. ಸಿಟ್ಟಿರಲಿಲ್ಲ. ಎದ್ದು ಕುಣಿದೆ. ಪ್ರತಿ ಹೆಜ್ಜೆಗೂ ನೆಲ ನುಡಿಯಿತು, ದಪ್ಪ ದನಿ, ಸಣ್ಣ ದನಿ, ಯಾವುದೂ ತಪ್ಪಲಿಲ್ಲ. ನಾಚಿಕೆಗೆ ಕಣ್ಣು ತುಂಬಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಆದರೂ ಸುಳ್ಳು ಹೇಳಲಾರೆ: ಕಾಲಿಗೆ ಹಿತವಾಗಿತ್ತು, ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಕುಣಿದಿರಲಿಲ್ಲ.