ಸುಧಿಯ ಪಾಲಿನ ಬ್ರೆಡ್ಡು

ಮನುಷ್ಯನ ನಿಜವಾದ ಯೋಗ್ಯತೆ ತಿಳಿಯುವುದು ಅವನು ಹಾಸಿಗೆ ಹಿಡಿದಾಗ ಎಂದು ಹಿರಿಯರು ಹೇಳುತ್ತಾರೆ. ನಾನು ಸಣ್ಣವಳಿದ್ದ ಕಾಲದಲ್ಲಿ, ನಮ್ಮ ಊರು ನರಿಮೊಗರಿನ ಮಟ್ಟಿಗೆ, ಯಾವ ಯೋಗ್ಯತೆಯವನಿಗೂ ಸಿಗುತ್ತಿದ್ದದ್ದು ಒಂದು ಬ್ರೆಡ್ಡು ಮತ್ತು ಒಂದು ಪ್ಯಾಕೆಟ್ ಬಿಸ್ಕತ್ತು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವುದು ಮರ್ಯಾದೆಯಾಗಿರಲಿಲ್ಲ. ಮೂರು ಹೊತ್ತೂ ಕುಚ್ಚಲಕ್ಕಿ ಉಣ್ಣುವ ನಮಗೆ ಬ್ರೆಡ್ಡು ಆಹಾರವಲ್ಲ, ಮದ್ದು. ಆರೋಗ್ಯವಂತನೊಬ್ಬ ಜಗಲಿಯಲ್ಲಿ ಕೂತು ಬ್ರೆಡ್ಡು ತಿಂದರೆ, ದಾರಿಯಲ್ಲಿ ಹೋಗುವವರು "ಎಂತ, ಜ್ವರವಾ?" ಎಂದು ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು.

ನನಗಾಗ ಹತ್ತು ವರ್ಷ, ತಮ್ಮ ಸುಧೀರನಿಗೆ ಐದು. ಎರಡು ವರ್ಷಗಳಿಂದ ಅವನ ಹೊಟ್ಟೆ ಸರಿಯಿರಲಿಲ್ಲ. ಕೈಕಾಲು ನುಗ್ಗೆಕಾಯಿ, ಹೊಟ್ಟೆ ಮಾತ್ರ ಕುಂಬಳಕಾಯಿ. ದಿನಕ್ಕೆ ಐದಾರು ಸಲ ಹಿತ್ತಲಿಗೆ ಓಡುತ್ತಿದ್ದ. ಆ ವಾಸನೆಗೆ ಪಕ್ಕದ ಮನೆಯ ಲೀಲಕ್ಕ ಕಿಟಕಿ ಮುಚ್ಚುತ್ತಿದ್ದರು; ಮುಚ್ಚಿದ ಪಾಪ ಕಳೆಯಲೋ ಏನೋ, ಸಂಜೆ ಒಂದು ಬ್ರೆಡ್ಡು ಹಿಡಿದುಕೊಂಡು ಬರುತ್ತಿದ್ದರು. ಅಪ್ಪ ಪೋಸ್ಟ್‌ಮ್ಯಾನ್ ಆದುದರಿಂದ ಊರಿಗೆಲ್ಲ ಬೇಕಾದವರು. ಅವರು ಮನೆಮನೆಗೆ ಕಾಗದ ಕೊಟ್ಟರು, ಮನೆಮನೆಯವರು ಜವಾಬಾಗಿ ಬ್ರೆಡ್ಡು ತಂದರು.

ರೋಗಕ್ಕೆ ಹೆಸರುಗಳಿಗೇನೂ ಬರವಿರಲಿಲ್ಲ. ಲೀಲಕ್ಕ ದೃಷ್ಟಿ ಎಂದರು. ಪಂಡಿತರು ಹುಳ ಎಂದರು. ಪುತ್ತೂರು ಪೇಟೆಯ ದರ್ಬೆಯ ಡಾಕ್ಟರು ಸ್ಟೆತಾಸ್ಕೋಪನ್ನು ಆ ಕುಂಬಳಕಾಯಿಯ ಮೇಲಿಟ್ಟು, ಬಹಳ ಹೊತ್ತು ಆಲಿಸಿ, "ಶಕ್ತಿ ಇಲ್ಲ" ಎಂದು ತೀರ್ಪು ಕೊಟ್ಟರು.

"ಗಂಜಿ ಕೊಡುದು ಸಾಕಾಗುದಿಲ್ವಾ ಡಾಕ್ಟ್ರೇ?" ಅಮ್ಮ ಕೇಳಿದಳು.

"ಗಂಜಿಯಲ್ಲಿ ಎಂತ ಉಂಟು, ನೀರು! ಗೋಧಿ ಕೊಡಿ ಮಾರಾಯ್ತಿ. ಪಂಜಾಬಿನವರನ್ನು ನೋಡಿದ್ದೀರಾ, ಹೇಗಿದ್ದಾರೆ?"

ಅಮ್ಮ ಪಂಜಾಬಿನವರನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ಒಪ್ಪಿದಳು. ಅಂದಿನಿಂದ ಸುಧಿಗೆ ಬೆಳಿಗ್ಗೆ ಹಾಲಲ್ಲಿ ಅದ್ದಿದ ಬ್ರೆಡ್ಡು, ಹತ್ತು ಗಂಟೆಗೆ ಬಿಸ್ಕತ್ತು, ಸಂಜೆ ಬಾಟ್ಲಿಯ ಗೋಧಿ ಮಾಲ್ಟ್ ಹುಡಿ ಕಲಸಿದ ಹಾಲು. ಮಧ್ಯಾಹ್ನ ರಾತ್ರಿ ಮಾತ್ರ ಎಲ್ಲರ ಜೊತೆ ಅನ್ನ.

ಏಪ್ರಿಲಿನಲ್ಲಿ ರಜೆ ಸಿಕ್ಕಿದ ಮೇಲೆ ತಿನ್ನಿಸುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮೊರವನ್ನು ಮಡಿಲಲ್ಲಿಟ್ಟುಕೊಂಡರೆ ಏಳುವಂತಿಲ್ಲ. ಅಡಿಗೆಕೋಣೆಯಲ್ಲಿ ನಾನು, ಸುಧಿ ಮತ್ತು ಆ ಬ್ರೆಡ್ಡು.

"ಬೇಡ ಅಕ್ಕ. ಹೊಟ್ಟೆ ನೋವಾಗ್ತದೆ. ನೀನೇ ತಿನ್ನು."

ರೋಗಿಯ ಮಾತನ್ನು ಅಷ್ಟು ಗೌರವದಿಂದ ಕೇಳಿದ ವೈದ್ಯರು ಪುತ್ತೂರು ತಾಲೂಕಿನಲ್ಲಿ ನನ್ನಂಥವರು ಇನ್ನೊಬ್ಬರಿರಲಿಲ್ಲ. ನಾನು ತಿಂದೆ. ಮೇಣದ ಕಾಗದದ ವಾಸನೆಯ ಆ ಬಿಳಿ ಹೋಳು ಬಾಯಲ್ಲಿ ಕರಗುತ್ತಿದ್ದರೆ, ಕಾಯಿಲೆ ಬೀಳದೆ ಹತ್ತು ವರ್ಷ ವ್ಯರ್ಥ ಮಾಡಿದೆನಲ್ಲ ಎನ್ನಿಸಿತು. ಬಿಸ್ಕತ್ತೂ ನನಗೇ. ಮಾಲ್ಟ್ ಹುಡಿಯನ್ನು ಹಾಲಿಗೆ ಹಾಕದೆ ಅಂಗೈಗೆ ಸುರಿದು ನೆಕ್ಕಿದೆ. ಅದು ಅಂಗುಳಿಗೆ ಅಂಟಿ ಅರ್ಧ ಗಂಟೆ ಸುಖ ಕೊಟ್ಟಿತು. ಪೂರಾ ಅನ್ಯಾಯ ಬೇಡವೆಂದು ನನ್ನ ಪಾಲಿನ ಬೆಳಗಿನ ಗಂಜಿ, ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ ಅವನಿಗೆ ಕೊಟ್ಟೆ. ಅವನು ತಟ್ಟೆ ನೆಕ್ಕಿ ಉಂಡ.

"ಅಮ್ಮನಿಗೆ ಹೇಳ್ತೀಯಾ?"

"ಇಲ್ಲ. ದೇವರಾಣೆ."

ಹೀಗೆ ದಿನ ತಪ್ಪದೆ ನಡೆಯಿತು. ಮೂರನೆಯ ವಾರಕ್ಕೆ ಸುಧಿಯ ಓಟ ಹಿತ್ತಲಿನಿಂದ ಅಂಗಳಕ್ಕೆ ತಿರುಗಿತು. ಗೇರುಬೀಜ ಸಾಲಾಗಿಟ್ಟು ಕಲ್ಲಿನಿಂದ ಹೊಡೆಯುವ ಆಟದಲ್ಲಿ, ಅದುವರೆಗೆ ಗೋಡೆಗೆ ಒರಗಿ ಕೂತು ನೋಡುತ್ತಿದ್ದವನು, ಲೀಲಕ್ಕನ ಮಕ್ಕಳ ಬೀಜವನ್ನೆಲ್ಲ ಗೆದ್ದು ಚಡ್ಡಿಯ ಕಿಸೆ ಹರಿದುಕೊಂಡ. ಗೇರುಹಣ್ಣಿನ ಕಲೆಯ ಅಂಗಿಯಲ್ಲಿ ಕೇಕೆ ಹಾಕಿ ನಗುತ್ತಿದ್ದ. ಅವನ ನಗುವಿಗೆ ಅಷ್ಟು ದೊಡ್ಡ ಸದ್ದು ಉಂಟೆಂದು ನಮಗೆ ಅದುವರೆಗೆ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ದರ್ಬೆಯ ಡಾಕ್ಟರು ಅವನ ಕೆನ್ನೆ ಹಿಂಡಿ, "ನೋಡಿದ್ರಾ, ಗೋಧಿ ಹಿಡಿಸಿತು!" ಎಂದರು. ಅಮ್ಮ ಊರಿಗೆಲ್ಲ ಹೇಳಿದಳು. ಬ್ರೆಡ್ಡಿನ ಪ್ರಮಾಣ ಏರಿತು. ನಾನು ದಪ್ಪಗಾದೆ.

"ಮಗಳು ಮೈಕೈ ತುಂಬಿ ಲಾಯ್ಕಾಗಿದ್ದಾಳೆ ವಾರಿಜಕ್ಕ," ಎಂದರು ಲೀಲಕ್ಕ, ಅಮ್ಮನಿಗೆ.

"ರಜೆಯಲ್ವಾ, ಎಂತ ಕೆಲಸ ಉಂಟು ಅವಳಿಗೆ," ಎಂದಳು ಅಮ್ಮ.

ಶಾಲೆ ಶುರುವಾಗುವ ಮುಂಚಿನ ದಿನ ನೀರು ಕುಡಿಯಲು ಒಳಗೆ ಬಂದ ಅಮ್ಮ, ನನ್ನ ಬಾಯಲ್ಲಿ ಬ್ರೆಡ್ಡೂ ಮೂಗಿನ ತುದಿಯಲ್ಲಿ ಮಾಲ್ಟ್ ಹುಡಿಯೂ ಇರುವುದನ್ನು ಕಂಡಳು. ಹೊಡೆಯಲಿಲ್ಲ. ನೆಲದ ಮೇಲೆ ಕೂತುಬಿಟ್ಟಳು.

"ಹುಷಾರಿಲ್ಲದ ಮಗುವಿನ ಬಾಯಿಂದ ಕಿತ್ತು ತಿಂತೀಯಲ್ಲ. ಎಷ್ಟು ದಿನದಿಂದ?"

"ಇವತ್ತು ಮಾತ್ರ."

ಸುಧಿ ಬಾಯಿ ಬಿಡಲಿಲ್ಲ. ಸಂಜೆ ಅಪ್ಪ ಚೀಲ ಇಳಿಸಿ, ವಿಷಯ ಕೇಳಿ, ನನ್ನ ಕೈಯನ್ನು ಸುಧಿಯ ತಲೆಯ ಮೇಲಿಡಿಸಿದರು. "ಇವನ ಪಾಲಿನದ್ದು ಒಂದು ಚೂರೂ ಮುಟ್ಟುದಿಲ್ಲ, ಪೂರಾ ತಿನ್ನಿಸ್ತೇನೆ ಅಂತ ಹೇಳು." ಹೇಳಿದೆ. ಬೆವರಿದ ಕೂದಲು ಅಂಗೈಗೆ ಬೆಚ್ಚಗಿತ್ತು.

ನನ್ನ ಜೀವನದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಡೆಸಿಕೊಟ್ಟ ಮಾತು ಬೇರೆ ಇಲ್ಲ. ಶಾಲೆಗೆ ಹೊರಡುವ ಮೊದಲು, ಬಂದ ಮೇಲೆ, ಅವನ ಗಲ್ಲ ಹಿಡಿದು ಕೊನೆಯ ಚೂರಿನವರೆಗೂ ತುರುಕಿದೆ. "ಬೇಡ ಅಕ್ಕ, ಬೇಡ" ಎಂದು ಅತ್ತರೆ, "ಆಣೆ ಉಂಟು ಮಾರಾಯ" ಎಂದು ನಾನೂ ಅತ್ತೆ. ಜುಲೈಯಲ್ಲಿ ಹೊಟ್ಟೆ ಮತ್ತೆ ಉಬ್ಬಿತು. ಚೌತಿಯ ಹೊತ್ತಿಗೆ ಅವನನ್ನು ಎತ್ತಿಕೊಂಡು ತಿರುಗಬೇಕಾಯಿತು. ನೋಡಲು ಬಂದವರ ಬ್ರೆಡ್ಡು ಮೇಜಿನ ಮೇಲೆ ಅಟ್ಟಿಯಾಯಿತು. ಅಮ್ಮ ಒಂದನ್ನೂ ಹಾಳು ಮಾಡಲಿಲ್ಲ.

ದಸರಾ ರಜೆಯಲ್ಲಿ ಅವನನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದದ್ದು ಒಬ್ಬ ಎಳೆಯ ಪ್ರಾಯದ ಡಾಕ್ಟರಮ್ಮ, ಘಟ್ಟದ ಮೇಲಿನವರು. ಸುಧಿಯನ್ನು ಮಲಗಿಸಿ, ಕೂರಿಸಿ, ಉಗುರು ನೋಡಿ, ಕಾಗದದ ಮೇಲೆ ಏನೋ ಬರೆದು ಅಡಿಗೆರೆ ಎಳೆದರು.

"ಕೆಲವು ಮಕ್ಕಳಿಗೆ ಗೋಧಿನೇ ಆಗಲ್ಲಮ್ಮ. ನಂಗೆ ಆ ಅನುಮಾನ. ಅದಕ್ಕೊಂದು ಪರೀಕ್ಷೆ ಇದೆ, ರಕ್ತ ದೂರ ಕಳಿಸ್ಬೇಕು. ಗೋಧಿ ತಿನ್ನದೆ ಇದ್ದಾಗ ಯಾವಾಗ್ಲಾದ್ರೂ ಚೆನ್ನಾಗಿದ್ನಾ?"

"ಉಲ್ಟಾ ಡಾಕ್ಟ್ರೇ," ಎಂದಳು ಅಮ್ಮ. "ಮೇ ತಿಂಗಳಲ್ಲಿ ಒಳ್ಳೆ ಗಟ್ಟಿ ಇದ್ದ. ಆಗ ದಿನಾ ಬ್ರೆಡ್ಡು, ಬಿಸ್ಕತ್ತು, ಮಾಲ್ಟು ತಿಂತಿದ್ದ. ಇವಳೇ ತಿನ್ನಿಸಿದ್ದು, ಕೇಳಿ ಬೇಕಾದ್ರೆ."

ಡಾಕ್ಟರಮ್ಮ ಕುರ್ಚಿಯಿಂದ ನನ್ನ ಕಡೆಗೆ ಬಾಗಿದರು. "ಹೌದಾ ಪುಟ್ಟಿ? ಎಲ್ಲಾ ಅವನೇ ತಿಂತಿದ್ನಾ?"

ಅಪ್ಪ ನೋಡುತ್ತಿದ್ದರು. ಒಂದು ದಿನದ ಕಳ್ಳತನಕ್ಕೇ ತಲೆ ಮುಟ್ಟಿಸಿದವರು, ಎರಡು ತಿಂಗಳಿನದ್ದಕ್ಕೆ ಏನು ಮಾಡಿಸಿಯಾರು? ಸುಧಿಯೂ ನೋಡುತ್ತಿದ್ದ. ಮೇಜಿನ ಮರೆಯಲ್ಲಿ ನನ್ನ ಕಿರುಬೆರಳು ಹಿಡಿದುಕೊಂಡ. ತಾನು ಗುಟ್ಟು ಬಿಟ್ಟಿಲ್ಲವೆಂಬ ಹೆಮ್ಮೆ ಅವನ ಮುಖದಲ್ಲಿತ್ತು.

"ಹೌದು," ಎಂದೆ. "ಎಲ್ಲಾ ಅವನೇ."

ಅವರು ಇನ್ನೊಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಪೆನ್ನು ಎತ್ತಿ, ಅಡಿಗೆರೆ ಎಳೆದಿದ್ದ ಸಾಲನ್ನು ಹೊಡೆದು ಹಾಕಿದರು.

ಕರುಳಿನ ಕ್ಷಯವಿರಬಹುದೆಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಬರಿಹೊಟ್ಟೆಗೆ ಆಗದೆಂದು ಅಮ್ಮ ಅದನ್ನು ಬ್ರೆಡ್ಡಿನ ಜೊತೆಗೇ ನುಂಗಿಸಿದಳು. ಸುಧಿ ಸಾಯಲಿಲ್ಲ, ಬೆಳೆಯಲೂ ಇಲ್ಲ. ಮೂರನೆಯ ಕ್ಲಾಸನ್ನು ಎರಡು ವರ್ಷ ಓದಿದ. ಶಾಲೆಯ ಸಾಲಿನಲ್ಲಿ ಯಾವಾಗಲೂ ಮೊದಲಿಗನಾಗಿ ನಿಂತ. ಹತ್ತೊಂಬತ್ತರ ಪ್ರಾಯದಲ್ಲಿ, ಎರವಲು ಸೈಕಲಿನಿಂದ ಮೆತ್ತಗೆ ಬಿದ್ದದ್ದಕ್ಕೆ ಅವನ ತೊಡೆಯ ಎಲುಬು ಮುರಿದಾಗ, ಬೇರೊಬ್ಬ ಡಾಕ್ಟರು ಸಂಶಯಪಟ್ಟು ರಕ್ತ ಪರೀಕ್ಷೆ ಮಾಡಿಸಿದರು, ಕೊಳವೆ ಇಳಿಸಿ ಕರುಳು ನೋಡಿದರು. ಗೋಧಿಯೇ.

ಆವತ್ತು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಅವನಿಗೆ ಎಲ್ಲ ಹೇಳಿದೆ.

"ನನಗೆ ನೆನಪುಂಟು ಅಕ್ಕ," ಎಂದ. "ಆ ರಜೆ ಭಾರೀ ಲಾಯ್ಕಿತ್ತು."

ಬೈದಿದ್ದರೆ ಚೆನ್ನಾಗಿತ್ತು.

ಈಗ ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವವರು ಸೇಬು, ದಾಳಿಂಬೆ ಒಯ್ಯುತ್ತಾರೆ. ಬ್ರೆಡ್ಡು ಆರೋಗ್ಯವಂತರ ತಿಂಡಿಯಾಗಿದೆ. ಗೋಧಿಯಿಲ್ಲದ ಬಿಸ್ಕತ್ತು ಬೇಕೆಂದರೆ ಈಗಿನ ಅಂಗಡಿಯವರು ಯಾಕೆ ಎಂದು ಕೇಳದೆ ತರಿಸಿಕೊಡುತ್ತಾರೆ. ಬೇಸಿಗೆ ರಜೆಯ ಸವಿನೆನಪು ಹೇಳು ಎಂದು ನನ್ನ ಮಕ್ಕಳು ಪೀಡಿಸಿದರೆ ಈಜಿನ ಕತೆಯೋ ಮಾವಿನ ಕತೆಯೋ ಹೇಳಿ ಮುಗಿಸುತ್ತೇನೆ. ಎರಡೂ ಸುಳ್ಳು. ಆ ರಜೆಯಲ್ಲಿ ಒಬ್ಬ ಹುಡುಗ ಎರಡು ತಿಂಗಳು ಹುಡುಗನಾಗಿದ್ದ. ಯಾಕೆಂದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ. ಅಪ್ಪ ತಿಳಿಯದೆಯೇ ಹೋದರು. ಅಮ್ಮ ಇವತ್ತಿಗೂ ಆ ಮೇ ತಿಂಗಳನ್ನು ನೆನೆದು, ಆಗ ಗೋಧಿ ಹೇಗೆ ಹಿಡಿಸಿತು ಮಾರಾಯ್ತಿ ಎಂದು ಆಶ್ಚರ್ಯಪಡುತ್ತಾಳೆ.

ಗೋಧಿ ಬಿಟ್ಟ ಮೇಲೆ ಸುಧೀರನ ಹೊಟ್ಟೆ ಆರು ತಿಂಗಳಲ್ಲಿ ಸರಿಯಾಯಿತು. ಎತ್ತರ ನಾಲ್ಕು ಅಡಿ ಎಂಟು ಇಂಚಿಗೆ ನಿಂತಿದೆ.