ಬಾವುಟದ ಎರಡು ತುದಿ

ನಮ್ಮ ಯಜಮಾನರ ಪಕ್ಷದಲ್ಲಿ ಒಂದು ಪದ್ಧತಿಯಿತ್ತು. ಕಾರ್ಯಕರ್ತ ತೀರಿಕೊಂಡರೆ ಮೈಮೇಲೆ ಪಕ್ಷದ ಬಾವುಟ ಹೊದಿಸಬೇಕು, ಬೆಂಕಿ ಕೊಡುವ ಮುಂಚೆ ತೆಗೆದುಬಿಡಬೇಕು. ಬನಾರಸಿನ ನಮ್ಮ ಮೊಹಲ್ಲಾಕ್ಕೆಲ್ಲ ಇದ್ದದ್ದು ಒಂದೇ ಒಳ್ಳೆ ಬಾವುಟ. ಅಧಿಕಾರ ಕಂಡು ಎಷ್ಟೋ ಕಾಲವಾದ ಪಕ್ಷ, ಹೊಸದನ್ನು ಯಾರು ಹೊಲಿಸುತ್ತಾರೆ? ಧಾರವಾಡದಿಂದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಗಣಿತ ಹೇಳಿಕೊಡಲು ಬಂದವರು ಇವರು. ನಿವೃತ್ತರಾದ ಮೇಲೆ, ಬಡವರ ಪರ ಮಾತಾಡುತ್ತದೆ ಅಂತ ಆ ಪಕ್ಷ ಸೇರಿ, ಬಾವುಟ ಕಾಯುವ ಕೆಲಸ ಹೊತ್ತುಕೊಂಡರು. ಹೆಣ ಸುಡುವ ಘಾಟಿನಿಂದ ಮಡಚಿ ತಂದರೆ ಒಗೆಯುವವಳು ನಾನು. ‘ಸಮಾನತೆ ಅಂತ ಭಾಷಣ ನಿಮ್ಮದು, ಬಟ್ಟೆ ಒಗಿಯೋದು ನನ್ನದು’ ಅಂದರೆ ನಗುತ್ತಿದ್ದರು.

ಅವರೇ ಹೋದ ಬೆಳಿಗ್ಗೆ ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಹನುಮಾನ್ ಘಾಟಿನ ಕನ್ನಡದ, ತಮಿಳಿನ ಹೆಂಗಸರು ಬಂದು ಸುತ್ತ ಕೂತರು. ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ. ಇವರು ಬಾವುಟವಿಲ್ಲದೆ ಹೋಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಎದ್ದು ಬೀರುವಿನಿಂದ ತೆಗೆದೆ.

ಬಂಗಾಲಿ ಟೋಲಾದಲ್ಲಿ ಯಾತ್ರಿಕರಿಗೆ ಲಾಡ್ಜ್ ನಡೆಸುವ ಮಗ ನನ್ನ ಕೈ ಹಿಡಿದ.

‘ಅಮ್ಮ, ಝಂಡಾ ಬೇಡ. ಗಲ್ಲಿಯವರೆಲ್ಲ ನೋಡ್ತಿದಾರೆ. ನಾಳೆ ನಾನು ಇಲ್ಲೇ ಧಂದಾ ಮಾಡ್ಬೇಕು.’

‘ಮಾಡಪ್ಪ,’ ಅಂದೆ. ಅವನ ಮೇಲೆ ಸಿಟ್ಟೂ ಬರಲಿಲ್ಲ.

ಬಾವುಟ ಹೊದಿಸಲು ಇಬ್ಬರು ಬೇಕು, ಆಚೆಗೊಬ್ಬರು ಈಚೆಗೊಬ್ಬರು. ಪಕ್ಷದ ಕಡೆಯಿಂದ ಇನ್ನೂ ಯಾರೂ ಬಂದಿರಲಿಲ್ಲ. ಹಳೆಯ ಜಿಲ್ಲಾಧ್ಯಕ್ಷರು ಮಾತ್ರ ಬಂದಿದ್ದರು, ಅವರೋ ಹೋದ ತಿಂಗಳೇ ಆಳುವ ಪಕ್ಷಕ್ಕೆ ಹಾರಿದವರು. ಹೆಗಲ ಮೇಲೆ ಆ ಪಕ್ಷದ ಬಣ್ಣದ ಶಾಲು. ನಾನು ಬಟ್ಟೆ ಬಿಡಿಸಿದ್ದೇ ತಡ, ಅವರ ಕೈ ತಾನಾಗಿ ಮುಂದೆ ಬಂದು ಆಚೆ ತುದಿ ಹಿಡಿಯಿತು. ಬೇರೆಯವರ ಸಾವಿನಲ್ಲಿ ಇವರ ಎದುರು ನಿಂತು ಎಷ್ಟು ಸಲ ಹಾಗೆ ಹಿಡಿದಿದ್ದರೋ. ಬಾಗಿಲಲ್ಲಿ ಯಾರದೋ ಮೊಬೈಲ್ ಮೇಲೆದ್ದದ್ದು ಕಂಡು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಬಿಟ್ಟುಬಿಟ್ಟರು. ನಾನೇ ಸುತ್ತಿ ಬಂದು ಸರಿಮಾಡಿದೆ. ಒಂದು ಕಡೆ ಸ್ವಲ್ಪ ಇಳಿದಿತ್ತು. ಹಾಗೇ ಹೊತ್ತುಕೊಂಡು ಹೋದರು.

ಪಕ್ಷದಲ್ಲಿ ಉಳಿದಿದ್ದ ಇಬ್ಬರು ಮುದುಕರು ನೇರ ಘಾಟಿಗೇ ಹೋಗಿದ್ದರಂತೆ. ಸಂಜೆ ಬಾವುಟ ಮಡಚಿ ತಂದು ಬಾಗಿಲಾಚೆ ನಿಂತರು.

‘ಮಾತಾಜಿ, ಇದು ನಿಮ್ಮಲ್ಲೇ ಇರಲಿ,’ ಒಬ್ಬರು ಹಿಂದಿಯಲ್ಲಿ ಅಂದರು. ‘ನಾನು ಹೋದರೆ ಇವನು ಬಂದು ತಗೊಂಡು ಹೋಗ್ತಾನೆ. ಇವನು ಹೋದರೆ ನಾನು ಬರ್ತೀನಿ. ಆಮೇಲೆ ಉಳಿದವನಿಗೆ...’

‘ಉಳಿದವರಿಗೆ ನಾನು ತರ್ತೀನಿ,’ ಅಂದೆ.

ಮುದುಕರಿಬ್ಬರೂ ಅಲ್ಲೇ ನಿಂತು ಅತ್ತರು. ನಾನು ಅವರನ್ನು ನೋಡುತ್ತ ನಿಂತಿದ್ದೆ.